ಕ್ಷಯದ ರೋಗಾಣುವಿನ ಕೊರಳಿಗೆ ಗಂಟೆ



ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ಮನೆಗಳಲ್ಲಿ ಕೆಮ್ಮು ಎರಡು ವಾರ ದಾಟಿದರೆ ನಾವು ಮೊದಲು ಹುಡುಕುವುದು ಔಷಧಿಯನ್ನಲ್ಲ, ನೆಪವನ್ನು. ಮಗ್ಗದ ನೂಲಿನ ಧೂಳು, ಹೊಲದ ಮಣ್ಣು, ದುಡಿಯಲು ಹೋದ ಊರಿನ ಸಿಮೆಂಟು, ಹೀಗೆ ಏನಾದರೊಂದು ಹೇಳುತ್ತೇವೆ. ಟಿ.ಬಿ. ಎಂಬ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಮಗಳ ಸಂಬಂಧ ಮುರಿದೀತು, ಪಕ್ಕದ ಮನೆಯವರು ನೀರು ಕುಡಿಯಲಾರರು ಎಂಬ ಭಯ.

ನಮ್ಮ ಯುವಬಳಗದ ಮಾತುಕತೆಯಲ್ಲಿ ಒಂದು ಪ್ರಶ್ನೆ ಬಂತು. ವಿಜ್ಞಾನಿಗಳು ಕ್ಷಯದ ರೋಗಾಣುವಿನ ಜೀನ್‌ಗಳನ್ನು ಬದಲಿಸಿ, ಅದು ಬೆಳಕು ಕೊಡುವಂತೆ ಮಾಡುತ್ತಾರಂತೆ; ಇದು ದೇವರ ಕೆಲಸಕ್ಕೆ ಕೈಹಾಕಿದಂತಲ್ಲವೇ? ಪ್ರಶ್ನೆ ಪ್ರಾಮಾಣಿಕವಾದದ್ದು. ಉತ್ತರ ಹೇಳುವ ಮೊದಲು ಆ ಕೆಲಸ ಏನೆಂದು ತಿಳಿಯೋಣ.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಲೋಕಕ್ಕೆ ತಿಳಿಸಿದರು. ಅದು ಬಹಳ ನಿಧಾನಿ. ಒಂದು ಎರಡಾಗಲು ಸುಮಾರು ಒಂದು ದಿನ ಬೇಕು. ಹೊಸ ಔಷಧಿ ಅದನ್ನು ಕೊಂದಿತೋ ಇಲ್ಲವೋ ಎಂದು ನೋಡಲು ಪ್ರಯೋಗಾಲಯದಲ್ಲಿ ವಾರಗಟ್ಟಲೆ ಕಾಯಬೇಕು. ಸಾವಿರಾರು ರಾಸಾಯನಿಕಗಳನ್ನು ಹೀಗೆ ಒಂದೊಂದಾಗಿ ಪರೀಕ್ಷಿಸುವುದು ಹೇಗೆ?

ಅಡವಿಗೆ ಬಿಟ್ಟ ದನದ ಕೊರಳಿಗೆ ನಾವು ಗಂಟೆ ಕಟ್ಟುತ್ತೇವೆ. ದನ ಕಾಣದಿದ್ದರೂ ಸದ್ದು ಅದರ ಸುಳಿವು ಕೊಡುತ್ತದೆ. ವಿಜ್ಞಾನಿಗಳು ಮಾಡಿದ್ದೂ ಇದನ್ನೇ. 1993ರಲ್ಲಿ ಅಮೆರಿಕದ ವಿಲಿಯಂ ಜೇಕಬ್ಸ್ ಮತ್ತು ಸಂಗಡಿಗರು ಮಿಂಚುಹುಳದ ಜೀನನ್ನು ವೈರಸ್ ಒಂದರ ಮೂಲಕ ಈ ರೋಗಾಣುವಿನೊಳಗೆ ಸೇರಿಸಿದರು. ಜೀವಂತ ರೋಗಾಣು ಬೆಳಕು ಕೊಟ್ಟಿತು. ಔಷಧಿ ಕೆಲಸ ಮಾಡಿದಾಗ ಬೆಳಕು ಕುಂದಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮಿತ್ ಸಿಂಗ್ ಅವರ ತಂಡ ಇನ್ನೂ ಸೂಕ್ಷ್ಮವಾದ ಗಂಟೆಯನ್ನು ಬಳಸಿತು. ಅಂಬಲಿಮೀನಿನಿಂದ ಬಂದ ಹಸಿರು ಹೊಳಪಿನ ಪ್ರೋಟೀನಿನ ಒಂದು ರೂಪವನ್ನು ರೋಗಾಣುವಿನೊಳಗೆ ಇಟ್ಟರೆ, ಅದರ ಹೊಳಪಿನ ಬದಲಾವಣೆ ರೋಗಾಣುವಿನ ಒಳಸ್ಥಿತಿಯನ್ನೇ ಹೇಳುತ್ತದೆ. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಂದು ಗುಟ್ಟು ಬಯಲಾಯಿತು. ನಮ್ಮ ರಕ್ಷಕ ಜೀವಕೋಶಗಳ ಒಳಗಿರುವ ಎಲ್ಲ ರೋಗಾಣುಗಳೂ ಒಂದೇ ತರಹ ಇರುವುದಿಲ್ಲ. ಅಲ್ಲಿನ ಆಮ್ಲೀಯ ವಾತಾವರಣದಲ್ಲಿ ಕೆಲವು ತಮ್ಮ ಒಳಸ್ಥಿತಿಯನ್ನು ಬದಲಿಸಿಕೊಂಡು ಔಷಧಿಯನ್ನು ತಾಳಿಕೊಳ್ಳುತ್ತವೆ. ಆ ಆಮ್ಲೀಯತೆಯನ್ನು ತಗ್ಗಿಸುವ ಮಲೇರಿಯಾದ ಹಳೆಯ ಮಾತ್ರೆ ಕ್ಲೋರೋಕ್ವಿನ್ ಅನ್ನು ಕ್ಷಯದ ಔಷಧಿಯ ಜೊತೆ ಕೊಟ್ಟಾಗ, ಪ್ರಯೋಗದ ಪ್ರಾಣಿಗಳಲ್ಲಿ ರೋಗ ಮರುಕಳಿಸುವುದು ಕಡಿಮೆಯಾಯಿತು. ಇದು ಪ್ರಾಣಿಗಳಲ್ಲಿ ಕಂಡ ಫಲ. ಯಾರೂ ತಾವಾಗಿ ಆ ಮಾತ್ರೆ ನುಂಗಬಾರದು.

ಈಗ ನಮ್ಮ ಉತ್ತರ. ಇದು ದೇವರ ಕೆಲಸಕ್ಕೆ ಅಡ್ಡಬಂದಂತಲ್ಲ ಎಂದು ನಾವು ನಂಬುತ್ತೇವೆ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಯಾರ ಪಾಪ ಎಂದು ಕೇಳಿದರು. ಯೇಸುಸ್ವಾಮಿ ಆ ಲೆಕ್ಕಕ್ಕೆ ಹೋಗದೆ ಅವನಿಗೆ ಕಣ್ಣು ಕೊಟ್ಟರು. ಮಿಂಚುಹುಳಕ್ಕೆ ಬೆಳಕು ಕೊಟ್ಟವನೇ ಅದನ್ನು ಅರಿಯುವ ಬುದ್ಧಿಯನ್ನೂ ಕೊಟ್ಟಿದ್ದಾನೆ. ಆದರೆ ಹೊಣೆಯೂ ಇದೆ. ರೋಗಾಣುವನ್ನು ಬದಲಿಸುವ ಕೆಲಸ ಭದ್ರವಾದ ಪ್ರಯೋಗಾಲಯದಲ್ಲಿ, ನಿಯಮದೊಳಗೆ ನಡೆಯಬೇಕು. ಅಲ್ಲಿ ಹುಟ್ಟಿದ ಔಷಧಿ ಬಡವನ ಮನೆಗೂ ತಲುಪಬೇಕು. ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದವರು. ಈ ಮಾತು ಕೇಳುವ ಹಕ್ಕು ನಮಗಿದೆ.

ಆ ಹೊಳೆಯುವ ರೋಗಾಣು ನಮಗೂ ಒಂದು ಪಾಠ ಹೇಳುತ್ತಿದೆ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳಿಗೆ ಕೆಮ್ಮು ನಿಂತು, ಮೈ ತುಂಬಿಕೊಂಡಾಗ ನಮ್ಮ ಹುಡುಗರು ಮಾತ್ರೆ ಬಿಟ್ಟು ಹೈದರಾಬಾದಿಗೋ ಬೆಂಗಳೂರಿಗೋ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ಔಷಧಿ ತಾಳಿಕೊಂಡ ರೋಗಾಣುಗಳು ಆಗ ಒಳಗೇ ಉಳಿದಿರುತ್ತವೆ. ಕೆಲವು ತಿಂಗಳ ಮೇಲೆ ಅವೇ ತಲೆಯೆತ್ತಿದರೆ ಹಳೆಯ ಮಾತ್ರೆಗೆ ಬಗ್ಗದೆ ಹೋಗಬಹುದು.

ಆದ್ದರಿಂದ ಊರು ಬಿಡುವವರು ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ ಹೋಗಲಿ. ನಿಕ್ಷಯ್ ದಾಖಲೆ ದೇಶಕ್ಕೆಲ್ಲ ಒಂದೇ. ಮಕ್ತಲಿನಲ್ಲಿ ಶುರುವಾದ ಚಿಕಿತ್ಸೆಯನ್ನು ಕೃಷ್ಣೆ ದಾಟಿ ರಾಯಚೂರಿನಲ್ಲೂ ಮುಂದುವರಿಸಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಔಷಧಿ ಉಚಿತ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಇದ್ದ ನೆರವು 2024ರ ನವೆಂಬರಿನಿಂದ 1,000 ಆಗಿದೆ. ಸರಿಯಾದ ಔಷಧಿ ಶುರುವಾದ ಕೆಲವು ವಾರಗಳಲ್ಲಿ ರೋಗ ಹರಡುವುದೂ ಬಹುಮಟ್ಟಿಗೆ ಕುಗ್ಗುತ್ತದೆ. ಹಾಗಿರುವಾಗ ರೋಗಿಯ ತಟ್ಟೆ ಲೋಟ ಬೇರೆ ಇಡುವುದು ಯಾವ ನ್ಯಾಯ?

ಅಡಗಿರುವ ರೋಗಾಣುವನ್ನು ಬೆಳಕಿಗೆ ತರಲು ವಿಜ್ಞಾನಿಗಳು ವರ್ಷಗಟ್ಟಲೆ ದುಡಿಯುತ್ತಿದ್ದಾರೆ. ನಾವೋ ರೋಗಿಯನ್ನೇ ಕತ್ತಲಲ್ಲಿ ಅಡಗಿಸುತ್ತಿದ್ದೇವೆ. ಈ ಭಾನುವಾರ ದೇವಾಲಯದಿಂದ ಮನೆಗೆ ಹೋಗುವಾಗ, ನಿಮ್ಮ ಬೀದಿಯಲ್ಲಿ ಬಹಳ ದಿನದಿಂದ ಕೆಮ್ಮುತ್ತಿರುವವರು ಯಾರೆಂದು ನೆನಪು ಮಾಡಿಕೊಳ್ಳಿ. ಸೋಮವಾರ ಅವರ ಜೊತೆ ಆಸ್ಪತ್ರೆಗೆ ಹೋಗಿ. ಪ್ರಾರ್ಥನೆಯ ಜೊತೆಗೆ ನಾವು ಮಾಡಬಹುದಾದ ಕೆಲಸ ಅದು.