ನೀರು ತುಂಬುವ ಸಂಜೆಗೊಂದು ರಜೆ

ಕೇಂದ್ರ ಸರ್ಕಾರಿ ನೌಕರರ ಮನೆಗಳಲ್ಲಿ ಹಬ್ಬಗಳು ಪಂಚಾಂಗಕ್ಕಿಂತ ಮೊದಲು ಸುತ್ತೋಲೆಯಲ್ಲಿ ಕಾಣಿಸಿಕೊಳ್ಳುತ್ತವೆ. ದೆಹಲಿಯ ಹೊರಗಿರುವ ಕಚೇರಿಗಳಿಗೆ 14 ಕಡ್ಡಾಯ ರಜೆಗಳು. 12 ಸಂದರ್ಭಗಳ ಇನ್ನೊಂದು ಪಟ್ಟಿಯಿಂದ ಆಯಾ ಊರಿನ ಸಮನ್ವಯ ಸಮಿತಿ ಆರಿಸಿಕೊಡುವ 3 ರಜೆಗಳು. ಇವುಗಳ ಮೇಲೆ ಪ್ರತಿಯೊಬ್ಬ ನೌಕರನೂ ತನಗೆ ಬೇಕಾದಂತೆ ಆಯ್ದುಕೊಳ್ಳಬಹುದಾದ 2 ನಿರ್ಬಂಧಿತ ರಜೆಗಳು. ದೀಪಾವಳಿ ಕಡ್ಡಾಯ ಪಟ್ಟಿಯಲ್ಲಿದೆ. ನರಕ ಚತುರ್ದಶಿ ನಿರ್ಬಂಧಿತ ರಜೆಗಳ ಪಟ್ಟಿಯಲ್ಲಿದೆ. ಅದರ ಹಿಂದಿನ ಸಂಜೆಯ ನೀರು ತುಂಬುವ ಹಬ್ಬ ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ. ಆ ಸಂಜೆಯ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ನಮಗೆ ಅನ್ನಿಸಿದ್ದಕ್ಕೆ ಕಾರಣವಿದೆ.

ನಾವು ಮಲಾಡ್ ಪಶ್ಚಿಮದಲ್ಲಿ ನೆಲೆಸಿ ಹದಿನೈದು ವರ್ಷಗಳಾದವು. ನಮ್ಮಿಬ್ಬರಲ್ಲಿ ಒಬ್ಬರದು ಕುಮಟಾ ಸೀಮೆ, ಇನ್ನೊಬ್ಬರದು ಧಾರವಾಡ. ಮಗಳಿಗೆ ಏಳು ವರ್ಷ, ಮಗನಿಗೆ ನಾಲ್ಕು. ಎರಡೂ ಕಡೆಯ ಮನೆಗಳಲ್ಲಿ ದೀಪಾವಳಿ ಶುರುವಾಗುತ್ತಿದ್ದುದು ಬಚ್ಚಲಿನಿಂದ. ತ್ರಯೋದಶಿಯ ಮಧ್ಯಾಹ್ನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಧಾರವಾಡದ ಮನೆಯಲ್ಲಿ ಅದಕ್ಕೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಕುಮಟೆಯ ಮನೆಯಲ್ಲಿ ಹಿಂಡ್ಲೆಕಾಯಿಯ ಹಾರ. ಮುಸ್ಸಂಜೆಗೆ ಬಾವಿಯಿಂದ ನೀರು ಸೇದಿ, ಹಂಡೆ ತುಂಬಿ, ಅರಿಶಿನ ಕುಂಕುಮ ಹಚ್ಚಿ ದೀಪವಿಟ್ಟರೆ ಮರುದಿನದ ಎಣ್ಣೆಸ್ನಾನಕ್ಕೆ ಮನೆ ಸಿದ್ಧವಾದಂತೆ. ತುಳುನಾಡಿನ ನಮ್ಮ ಗೆಳೆಯರು ಮೀಪಿನ ಪರ್ಬವೆಂದು ಕರೆಯುವುದೂ ಈ ಸ್ನಾನದ ಹಬ್ಬವನ್ನೇ. ಯೋಚಿಸಿದರೆ ಇದೊಂದು ವಿಚಿತ್ರ ಹಬ್ಬ. ನಾಳೆಯ ಹಬ್ಬಕ್ಕೆ ತಯಾರಿ ಮಾಡುವುದೇ ಇಂದಿನ ಹಬ್ಬ.

ಹೋದ ವರ್ಷ ನಮ್ಮ ಮನೆಯಲ್ಲಿ ಈ ತಯಾರಿ ಇರಲಿಲ್ಲ. ಕಚೇರಿಯಲ್ಲಿ ಕೆಲಸ ಹೆಚ್ಚಿತ್ತು, ಸಂಜೆಯ ಲೋಕಲ್ಲಿನಲ್ಲಿ ಅಂಧೇರಿ ದಾಟುವುದರೊಳಗೆ ಜೀವ ಹಣ್ಣಾಗುತ್ತಿತ್ತು. ಚಕ್ಕುಲಿ, ಕರ್ಜಿಕಾಯಿ, ಚೂಡಾ, ಆಕಾಶ ಕಂದೀಲು, ರಂಗೋಲಿಯ ಅಂಟುಚಿತ್ರ ಎಲ್ಲವನ್ನೂ ಫೋನಿನಲ್ಲೇ ತರಿಸಿದೆವು. ಡಬ್ಬಿಗಳು ಬಾಗಿಲಿಗೆ ಬಂದವು. ಹಬ್ಬದ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ಗೀಸರಿನ ನೀರಿನಲ್ಲಿ ಮೀಯಿಸಿ, ಹೊಸ ಬಟ್ಟೆ ತೊಡಿಸಿ, ಚಿತ್ರ ತೆಗೆದು ಊರಿಗೆ ಕಳುಹಿಸಿದೆವು. ಕುಮಟೆಯ ಅಜ್ಜಿ ವಿಡಿಯೋ ಕರೆಯಲ್ಲಿ ಮೊಮ್ಮಗಳನ್ನು ಕೇಳಿದರು: "ಹಬ್ಬಕ್ಕೆ ನೀ ಎಂಥ ಮಾಡಿದೆ ಪುಟ್ಟಿ?"

"ನಾವು ಎಲ್ಲಾ ಆರ್ಡರ್ ಮಾಡಿದ್ವಿ ಅಜ್ಜಿ."

ಮಗಳ ದನಿಯಲ್ಲಿ ಹೆಮ್ಮೆಯಿತ್ತು. ಅಜ್ಜಿ ಒಂದು ಕ್ಷಣ ಸುಮ್ಮನಿದ್ದು, "ಹೌದಾ, ಒಳ್ಳೇದಾಯ್ತು ಬಿಡು" ಎಂದು ಮಾತು ಬದಲಿಸಿದರು. ಮಗು ಸುಳ್ಳು ಹೇಳಿರಲಿಲ್ಲ. ಅವಳು ಕಂಡ ಹಬ್ಬದಲ್ಲಿ ಮಾಡುವುದಕ್ಕೆ ಇದ್ದ ಕೆಲಸ ಅದೊಂದೇ. ಅಜ್ಜಿಯ ಪ್ರಶ್ನೆಗೆ ಉತ್ತರಿಸಲು ಬೇಕಾದ ಕ್ರಿಯಾಪದಗಳನ್ನು ನಾವೇ ಅವಳಿಗೆ ಕೊಟ್ಟಿರಲಿಲ್ಲ.

ಹೊರನಾಡಿನ ನಾವೆಲ್ಲ ಮಕ್ಕಳ ಕನ್ನಡದ ಬಗ್ಗೆ ಚಿಂತಿಸುವಾಗ ಸಾಮಾನ್ಯವಾಗಿ ಅಕ್ಷರದ ಬಗ್ಗೆ ಚಿಂತಿಸುತ್ತೇವೆ. ವರ್ಣಮಾಲೆಯ ಪುಸ್ತಕ ತರುತ್ತೇವೆ, ಕಥೆಯ ವಿಡಿಯೋ ಹಾಕಿಕೊಡುತ್ತೇವೆ. ನಮ್ಮ ಮಕ್ಕಳಿಗೆ ಬಣ್ಣ, ಹಣ್ಣು, ಪ್ರಾಣಿಗಳ ಹೆಸರು ಕನ್ನಡದಲ್ಲಿ ಗೊತ್ತು. ಗೊತ್ತಿಲ್ಲದ್ದು ಕೆಲಸದ ಮಾತು. ಶಾಲೆಯ ಇಂಗ್ಲಿಷಿನಲ್ಲಿ ಅಕ್ಕಿಯೂ ಬಟ್ಟೆಯೂ ಪಾತ್ರೆಯೂ 'ವಾಶ್' ಆಗುತ್ತವೆ. ನಮ್ಮ ಮಗಳ ಕನ್ನಡದಲ್ಲೂ ಎಲ್ಲವೂ 'ವಾಶ್ ಮಾಡು' ಆಗಿತ್ತು. ಅಕ್ಕಿ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ಪಾತ್ರೆ ಬೆಳಗುತ್ತೇವೆ, ಸಾಬೂನು ಹೋಗಲೆಂದು ಜಾಲಿಸುತ್ತೇವೆ, ಹಬ್ಬಕ್ಕೆ ಮೀಯುತ್ತೇವೆ. ಮಿಕ್ಸಿ ಬಂದ ಮೇಲೆ ಅರೆಯುವುದು, ರುಬ್ಬುವುದು, ಬೀಸುವುದು ಮೂರೂ 'ಗ್ರೈಂಡ್' ಆದವು. ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವರಿಗೂ ಈ ಪದಗಳನ್ನು ಯಾರೂ ಪುಸ್ತಕದಿಂದ ಕಲಿಸಿರಲಿಲ್ಲ. ಹಬ್ಬದ ಹಿಂದಿನ ದಿನ ಅಡುಗೆಮನೆಯಲ್ಲಿ ಕಾಲಿಗೆ ಅಡ್ಡ ಸಿಗುತ್ತಿದ್ದಾಗ ಬೈಸಿಕೊಂಡು ಕಲಿತದ್ದು. ಕೈಗೆ ಕೆಲಸ ಸಿಕ್ಕದ ಮಗುವಿಗೆ ಆ ಕೆಲಸದ ಪದವನ್ನು ಬಾಯಿಪಾಠ ಮಾಡಿಸಿ ಉಳಿಸಲಾಗದು.

ಆದ್ದರಿಂದ ಈ ವರ್ಷ ತ್ರಯೋದಶಿಗೆ ನಾವು ಸಾಂದರ್ಭಿಕ ರಜೆ ಹಾಕಿದೆವು. ವರ್ಷಕ್ಕೆ ಸಿಗುವ 8ರಲ್ಲಿ ಒಂದು ಕಳೆಯಿತು. ಬೆಳಿಗ್ಗೆ ಮಕ್ಕಳಿಬ್ಬರ ಕೈ ಹಿಡಿದು ಮಲಾಡ್ ನಿಲ್ದಾಣದ ಬಳಿಯ ಪೇಟೆಗೆ ಹೋದೆವು. ಅಂದು ಮುಂಬಯಿಗೆ ಧನತೇರಸ್. ಬಂಗಾರದ ಅಂಗಡಿಗಳಿಗೆ ಹೂಮಾಲೆ, ಪಾತ್ರೆಯಂಗಡಿಗಳ ಮುಂದೆ ನೂಕುನುಗ್ಗಲು. ಒಂದೇ ತಿಥಿಯಂದು ಕೆಲವರು ಪಾತ್ರೆ ಕೊಳ್ಳುತ್ತಾರೆ, ಕೆಲವರು ಇದ್ದ ಪಾತ್ರೆಯನ್ನು ತುಂಬುತ್ತಾರೆ. ಬೀದಿಬದಿಯಲ್ಲಿ ಚೆಂಡುಹೂವಿನ ರಾಶಿಯ ಪಕ್ಕ ಗೋಣಿಯ ಮೇಲೆ ಗೋಲಿಗಿಂತ ತುಸು ದೊಡ್ಡದಾದ, ಪಟ್ಟೆಪಟ್ಟೆಯ ಹಸಿರು ಕಾಯಿಗಳನ್ನು ಹರಡಿಕೊಂಡು ಒಬ್ಬ ಹೆಂಗಸು ಕುಳಿತಿದ್ದರು. ಮರಾಠಿಯಲ್ಲಿ ಅದು ಕಾರೀಟ್. ಕೊಂಕಣದವರು ಚತುರ್ದಶಿಯ ಬೆಳಿಗ್ಗೆ ಅದನ್ನು ನರಕಾಸುರನೆಂದು ಭಾವಿಸಿ ಕಾಲಿನಿಂದ ತುಳಿದು ಒಡೆಯುತ್ತಾರೆ. ಕುಮಟೆಯ ಕಣ್ಣಿಗೆ ಅದು ಹಿಂಡ್ಲೆಕಾಯಿ. ಹದಿನೈದು ವರ್ಷ ಅದರ ಪಕ್ಕದಲ್ಲೇ ಹಾದುಹೋಗಿ ಲೋಕಲ್ ಹಿಡಿದಿದ್ದೆವು; ಒಮ್ಮೆಯೂ ನೋಡಿರಲಿಲ್ಲ.

ಊರಿನಿಂದ ತಂದ ಸಣ್ಣ ತಾಮ್ರದ ಹಂಡೆ ನಮ್ಮ ಮನೆಯ ಬಾಗಿಲ ಮೂಲೆಯಲ್ಲಿ ಕೊಡೆಗಳನ್ನು ಹೊತ್ತು ನಿಂತಿತ್ತು. ಮಕ್ಕಳು ಅದನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರು. 'ಕಿಲುಬು' ಎಂಬ ಪದ ನಮ್ಮ ಮನೆಯಲ್ಲಿ ಬಹುಶಃ ಅಂದೇ ಮೊದಲ ಸಲ ಕೇಳಿಬಂತು. ಹಾರ ಪೋಣಿಸಿದ್ದು ಮಗಳು. ಸಂಜೆ ಬಚ್ಚಲಿನ ನಲ್ಲಿಯಿಂದ ತಂಬಿಗೆಯಲ್ಲಿ ಹಿಡಿದು ಹಿಡಿದು ಹಂಡೆ ತುಂಬಿದ್ದು ಮಗ. ಅರ್ಧ ನೀರು ನೆಲಕ್ಕೆ. ಬಾವಿಯ ಕಥೆ ಕೇಳಿದ್ದ ಮಗಳು "ನಮ್ಮ ಬಾವಿ ಎಲ್ಲಿದೆ?" ಎಂದಳು. ಪ್ರಶ್ನೆ ನ್ಯಾಯವಾಗಿತ್ತು. ಮುಂಬಯಿಗೆ ನೀರು ಕೊಡುವ ಏಳು ಕೆರೆಗಳ ಹೆಸರು ಹೇಳಿದೆವು: ತುಳಸಿ, ವಿಹಾರ, ತಾನಸಾ, ಮೋಡಕ ಸಾಗರ, ಭಾತ್ಸಾ, ಮೇಲಿನ ವೈತರಣಾ, ನಡುವಿನ ವೈತರಣಾ. ಮೊದಲಿನೆರಡು ನಮ್ಮ ಪೂರ್ವದಿಕ್ಕಿನ ಕಾಡಿನೊಳಗೇ, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿವೆ. ಉಳಿದವುಗಳ ನೀರು ದೂರದ ಠಾಣೆ, ನಾಸಿಕ ಜಿಲ್ಲೆಗಳ ಬೆಟ್ಟಗಳಿಂದ ಕೊಳವೆಗಳಲ್ಲಿ ಹರಿದುಬರುತ್ತದೆ. ಗಂಗೆಯನ್ನು ತುಂಬಿಕೊಳ್ಳುವ ಸಂಜೆ ಈ ನಗರದ ಮಗುವಿಗೆ ತನ್ನ ನೀರು ಎಲ್ಲಿಯದೆಂದು ತಿಳಿದದ್ದು ಯಾವ ಪೂಜೆಗೂ ಕಡಿಮೆಯಲ್ಲ.

ಇದರಲ್ಲಿ ಎಲ್ಲವೂ ಚೆಂದವಿತ್ತೆಂದು ಹೇಳಲಾರೆವು. ತಿಂಡಿ ಎರಡೇ ಎಂದು ಮೊದಲೇ ನಿರ್ಧರಿಸಿದ್ದೆವು: ಅವಲಕ್ಕಿ ಚೂಡಾ ಮತ್ತು ಕರ್ಜಿಕಾಯಿ. ಮಗ ಅಂಚು ಒತ್ತಿದ ಕರ್ಜಿಕಾಯಿಗಳು ಬಾಣಲೆಯಲ್ಲಿ ಬಾಯಿ ಬಿಟ್ಟವು. ಕೊಬ್ಬರಿ, ಪುಠಾಣಿ, ಸಕ್ಕರೆಯ ಹೂರಣ ಎಣ್ಣೆಗೆ ಬಿದ್ದು ಕರಕಾಗಿ, ಎಣ್ಣೆಯನ್ನೇ ಬದಲಿಸಬೇಕಾಯಿತು. ಅಕ್ಕತಮ್ಮಂದಿರ ಜಗಳ ಎರಡು ಸಲ ಅಳುವಿನವರೆಗೆ ಹೋಯಿತು. ಒಂದು ಗಂಟೆಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ಚಿಕ್ಕ ಮಕ್ಕಳ ಸಹಾಯವೆಂದರೆ ಕೆಲಸ ಹೆಚ್ಚಾಗುವುದು. ಅವಸರದ ದಿನ ಅದನ್ನು ಸಹಿಸಲಾಗದು. ನಾವು ಸಿಡುಕಿನವರಲ್ಲದಿದ್ದರೂ ಹಬ್ಬದ ಮುನ್ನಾದಿನ ಮಕ್ಕಳನ್ನು ಅಡುಗೆಮನೆಯಿಂದ ಹೊರಗೆ ಅಟ್ಟಿ ಕೈಗೆ ಫೋನು ಕೊಡುತ್ತಿದ್ದುದು ಇದಕ್ಕಾಗಿಯೇ. ಆ ದಿನ ನಮಗೆ ಬೇಕಾಗಿದ್ದುದು ಪುರಸೊತ್ತು. ಅದಕ್ಕೇ ರಜೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಹಬ್ಬದ ತಯಾರಿಯ ಗುಣಗಾನ ಮಾಡುವವರಲ್ಲಿ ಹೆಚ್ಚಿನವರು ಒಲೆಯ ಮುಂದೆ ನಿಲ್ಲದವರು. ನಮ್ಮ ತಾಯಂದಿರು ಹಬ್ಬದ ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದರೆಂದು ನಮಗೆ ಗೊತ್ತಿಲ್ಲ. ನಾವು ನಿದ್ದೆ ಹೋಗಿರುತ್ತಿದ್ದೆವು. ಅಂಗಡಿಯ ಚಕ್ಕುಲಿ ಅನೇಕ ಹೆಣ್ಣುಮಕ್ಕಳಿಗೆ ನಿಜವಾದ ಬಿಡುಗಡೆ ತಂದಿದೆ. ಅದನ್ನು ಕಸಿಯುವ ವಾದ ನಮ್ಮದಲ್ಲ. ಹತ್ತು ತಿಂಡಿಗಳಲ್ಲಿ ಎಂಟನ್ನು ಕೊಂಡರೂ ಎರಡನ್ನು ಮನೆಯಲ್ಲಿ ಮಾಡಬಹುದು. ಆ ಎರಡನ್ನು ಗಂಡಹೆಂಡಿರಿಬ್ಬರೂ ಸೇರಿ, ಮಕ್ಕಳನ್ನೂ ಕೂರಿಸಿಕೊಂಡು ಮಾಡಬೇಕು. ಹಾಗಾಗದೆ ಒಬ್ಬರ ಬೆನ್ನಿನ ಮೇಲೆಯೇ ಬೀಳುವುದಾದರೆ ಹತ್ತನ್ನೂ ಅಂಗಡಿಯಿಂದ ತರುವುದೇ ಲೇಸು. ಮಗ ಹೂರಣ ಕಲಸುವುದನ್ನು ಅಪ್ಪನಿಂದ ಕಲಿತರೆ ಹಬ್ಬದ ಕನ್ನಡ ಇನ್ನು ಹೆಂಗಸರ ಕನ್ನಡ ಮಾತ್ರ ಆಗಿ ಉಳಿಯದು.

ರಜೆಯ ಮಾತನ್ನು ಹಗುರಾಗಿ ಆಡುವ ಹಕ್ಕೂ ನಮಗಿಲ್ಲ. ಈ ನಗರದ ಕನ್ನಡವನ್ನು ಕಟ್ಟಿದವರಲ್ಲಿ ಬಹುಮಂದಿ ಹಬ್ಬದ ದಿನ ರಜೆ ಸಿಗದವರು. ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಕನ್ನಡ ಓದಿದ ಹುಡುಗರ ಪರಂಪರೆ ಮುಂಬಯಿಯದು. ಹಬ್ಬವೆಂದರೆ ಹೋಟೆಲಿಗೆ ಗಿರಾಕಿ ಹೆಚ್ಚುವ ದಿನ. ಇಂದಿಗೂ ಅದೇ ಸ್ಥಿತಿಯಲ್ಲಿರುವ ಕುಟುಂಬಗಳು ನಮ್ಮ ಸುತ್ತಲೇ ಇವೆ. ಅವರಿಗೆ ಹಿಂದಿನ ದಿನದ ರಜೆ ಕೇಳುವಷ್ಟೂ ಸವಲತ್ತಿಲ್ಲ. ಹಾಗಿದ್ದರೆ ರಜೆ ಇರುವ ನಾವು ಅದನ್ನು ಏನು ಮಾಡುತ್ತಿದ್ದೇವೆ ಎಂಬ ಪ್ರಶ್ನೆ ಇನ್ನಷ್ಟು ಗಟ್ಟಿಯಾಗುತ್ತದೆ.

ಊರಿಗೇ ಹೋಗಬಹುದಲ್ಲ ಎನ್ನುವವರಿಗೆ ಒಂದು ಮಾತು. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ದಸರೆಗೆ. ಮಹಾರಾಷ್ಟ್ರದ ಶಾಲೆಗಳಿಗೆ ದೀಪಾವಳಿಗೆ. ನಮ್ಮ ಮಕ್ಕಳು ಊರು ತಲಪುವ ಹೊತ್ತಿಗೆ ಅಲ್ಲಿನ ಅಣ್ಣತಮ್ಮಂದಿರ ಶಾಲೆ ಮತ್ತೆ ಆರಂಭವಾಗಿರುತ್ತದೆ. ಕೊಂಕಣ ರೈಲಿನಲ್ಲಿ ಹಬ್ಬದ ಸ್ಥಳ ಸಿಗುವುದಂತೂ ಅದೃಷ್ಟದ ಮಾತು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವ ಅವಧಿ 120 ದಿನಗಳಿಂದ 60ಕ್ಕೆ ಇಳಿದ ಮೇಲೂ ನಮ್ಮ ಚೀಟಿ ಕಾಯುವ ಪಟ್ಟಿಯಲ್ಲೇ ಇರುತ್ತದೆ. ಹಬ್ಬವನ್ನು ಊರಿನಲ್ಲಿಟ್ಟು ಬಂದಿದ್ದೇವೆ, ಹೋದಾಗ ಸಿಗುತ್ತದೆ ಎಂದು ನಂಬಿದರೆ ಮಕ್ಕಳ ಬಾಲ್ಯ ಕಾಯುವುದಿಲ್ಲ.

ನಮ್ಮ ಮರಾಠಿ ನೆರೆಯವರನ್ನು ನೋಡಿ. ದೀಪಾವಳಿಗೆ ಅವರ ಮಕ್ಕಳು ಕಟ್ಟಡದ ಅಂಗಳದಲ್ಲಿ ಮಣ್ಣು, ಕಲ್ಲು, ಗೋಣಿಚೀಲ ಸೇರಿಸಿ ಕಿಲ್ಲೆ ಕಟ್ಟುತ್ತಾರೆ. ಶಿವಾಜಿಯನ್ನು ಮೇಲೆ ಕೂರಿಸಿ, ಕೆಳಗೆ ಮಾವಳೆಯರ ಬೊಂಬೆಗಳನ್ನಿಟ್ಟು, ಮಣ್ಣಿಗೆ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ಹಸಿರು ಬೆಳೆಸುತ್ತಾರೆ. ದೊಡ್ಡವರು ಕೈ ಹಾಕುವುದು ಕಡಿಮೆ. ಹಬ್ಬದಲ್ಲಿ ಮಕ್ಕಳ ಪಾಲಿನ ಕೆಲಸವೊಂದನ್ನು ಆ ಸಮಾಜ ಮಕ್ಕಳಿಗೇ ಬಿಟ್ಟುಕೊಟ್ಟಿದೆ. ನಮ್ಮ ಮಗಳೂ ಆ ಮಣ್ಣಿನಲ್ಲಿ ಕೈಯಾಡಿಸಿ ಬರುತ್ತಾಳೆ, ಬರಲಿ. ಅದರ ಜೊತೆಗೆ ಹಂಡೆಯೂ ಅವಳ ಪಾಲಿಗಿರಲಿ ಎಂಬುದು ನಮ್ಮ ಆಸೆ.

ನಮ್ಮ ಸಂಘಸಂಸ್ಥೆಗಳಿಗೂ ಒಂದು ವಿನಂತಿ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದೆ ಹುಟ್ಟಿದ್ದು. ಕರ್ನಾಟಕ ಸಂಘದಿಂದ ಹಿಡಿದು ಉಪನಗರಗಳ ಸಣ್ಣ ಬಳಗಗಳವರೆಗೆ ಹಬ್ಬ ಆಚರಿಸದ ಸಂಸ್ಥೆಯಿಲ್ಲ. ಆದರೆ ಮಕ್ಕಳಿಗೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ವೇದಿಕೆ: ಛದ್ಮವೇಷ, ಬಾಯಿಪಾಠದ ಹಾಡು, ಪ್ರಶಸ್ತಿಪತ್ರ. ಅವೆಲ್ಲ ಇರಲಿ. ಹಬ್ಬದ ಹಿಂದಿನ ಭಾನುವಾರ ಸಭಾಂಗಣದಲ್ಲಿ ನಾಲ್ಕು ಚಾಪೆ ಹಾಸಿ, ಹಿರಿಯರನ್ನೂ ಮಕ್ಕಳನ್ನೂ ಕೂರಿಸಿ, ಹೂ ಕಟ್ಟುವ, ಬತ್ತಿ ಹೊಸೆಯುವ, ಕರ್ಜಿಕಾಯಿ ತುಂಬುವ ಕೆಲಸವನ್ನು ಕನ್ನಡದಲ್ಲಿ ಮಾಡಿಸಿದರೆ ಹೇಗೆ? ರಜೆ ಸಿಗದ ಮನೆಗಳ ಮಕ್ಕಳೂ ಅಲ್ಲಿಗೆ ಬರಬಹುದು. ಮೈಕಿನ ಖರ್ಚೂ ಉಳಿಯುತ್ತದೆ.

ಈ ವರ್ಷ ಚತುರ್ದಶಿಯ ಬೆಳಿಗ್ಗೆ ಹಂಡೆಯ ನೀರು ತಣ್ಣಗಿತ್ತು. ಗೀಸರಿನ ಬಿಸಿನೀರಿಗೆ ಅದರಿಂದ ಎರಡೆರಡು ತಂಬಿಗೆ ಬೆರೆಸಿ ಮಕ್ಕಳನ್ನು ಮೀಯಿಸಿದೆವು. ಅಜ್ಜಿಯ ಕರೆ ಬಂದಾಗ ಮಗಳು ಫೋನನ್ನು ನಮ್ಮ ಕೈಗೆ ಕೊಡಲೇ ಇಲ್ಲ. ತಿಕ್ಕಿದ್ದು, ಪೋಣಿಸಿದ್ದು, ತುಂಬಿದ್ದು, ತಮ್ಮ ಚೆಲ್ಲಿದ್ದು, ಎಣ್ಣೆ ಕರಕಾದದ್ದು ಎಲ್ಲ ಒಂದೇ ಉಸಿರಿಗೆ. ನಡುನಡುವೆ ಹಿಂದಿ ಬಂತು, ಇಂಗ್ಲಿಷ್ ಬಂತು. ಅಜ್ಜಿ ತಿದ್ದಲಿಲ್ಲ. "ಹಾರಕ್ಕೆ ಎಷ್ಟು ಕಾಯಿ ಹಾಕಿದೆ?" ಎಂದಷ್ಟೇ ಕೇಳಿದರು.

ಮುಂದಿನ ವರ್ಷದ ಸುತ್ತೋಲೆ ಬಂದ ದಿನವೇ ತ್ರಯೋದಶಿಯ ತಾರೀಖಿಗೆ ಗುರುತು ಹಾಕಿಟ್ಟುಕೊಳ್ಳುತ್ತೇವೆ. ಸಾಂದರ್ಭಿಕ ರಜೆಯ ಅರ್ಜಿಯಲ್ಲಿ ಕಾರಣವೆಂದು ಈ ಸಲ 'ಮನೆಗೆಲಸ' ಎಂದು ಬರೆದಿದ್ದೆವು. ಬರುವ ವರ್ಷವೂ ಅದನ್ನೇ ಬರೆಯುವವರಿದ್ದೇವೆ.