ಉಣ್ಣದಿದ್ರೂ ಇನ್ಸುಲಿನ್ ಬಿಡಬ್ಯಾಡ್ರಿ

"ಎರಡು ದಿನದಿಂದ ಜ್ವರ, ವಾಂತಿ. ಹುಡುಗಿ ಏನೂ ಉಂಡಿಲ್ಲ, ಹಂಗಾಗಿ ಇನ್ಸುಲಿನ್ ಹಾಕಿಲ್ಲ ಅಕ್ಕಾ" ಅಂತ ನಮ್ಮ ಓಣಿಯಾಕಿ ಒಬ್ಬಾಕಿ ಹೇಳಿದಾಗ ನನ್ನ ಎದಿ ಧಸಕ್ ಅಂತು. ಆಕಿ ಲೆಕ್ಕ ಕೇಳಾಕ ಸರಿ ಐತಿ. ಊಟಾನೇ ಇಲ್ಲಂದ್ರ ಶುಗರ್ ಎಲ್ಲಿಂದ ಬರ್ಬೇಕು? ಆದ್ರ ಟೈಪ್ ಒನ್ ಮಕ್ಕಳಿಗೆ ಜೀವಕ್ಕೆ ಮುಳುವಾಗೋದು ಇದೇ ಲೆಕ್ಕ.

ಜ್ವರದಾಗ ಉಣ್ಣದಿದ್ರೂ ಲಿವರ್ ತಾನೇ ಸಕ್ಕರಿ ಬಿಡ್ತೈತಿ. ಇನ್ಸುಲಿನ್ ಇಲ್ಲದ ಅದು ಮೈಗೆ ಹತ್ತೋದಿಲ್ಲ. ಆಗ ಮೈ ತನ್ನ ಕೊಬ್ಬು ಕರಗಿಸ್ತೈತಿ, ಕೀಟೋನ್ ಅನ್ನೋ ಆಮ್ಲ ರಕ್ತದಾಗ ತುಂಬ್ತೈತಿ. ರಕ್ತದ ಪಿಎಚ್ 7.35ರಿಂದ 7.45ರೊಳಗ ಇರ್ಬೇಕು. 7.3ಕ್ಕಿಂತ ಕೆಳಗ ಇಳಿದ್ರ ಅಪಾಯ. ಇದಕ್ಕ ಡಾಕ್ಟ್ರು ಡಿಕೆಎ ಅಂತಾರ.

ವಾಂತಿ, ಹೊಟ್ಟಿನೋವು, ತಡೀಲಾರದ ನೀರಡಿಕೆ, ಬಾಯಾಗ ಹಣ್ಣಿನಂಥ ವಾಸನಿ ಇದ್ರ ನಾವು ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಸ್ತೀವಿ, ದೃಷ್ಟಿ ತೆಗಿತೀವಿ. ಏದುಸಿರು ಬಂದ್ರ ಉಬ್ಬಸ ಅಂತೀವಿ. ಅದು ಉಬ್ಬಸ ಅಲ್ರಿ, ಮೈ ಆ ಆಮ್ಲ ಹೊರಗ ಹಾಕಾಕ ಒದ್ದಾಡ್ತಿರ್ತೈತಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲೇ ಇರ್ರಿ, ಬೆಳಗಾಗಲಿ ಅಂತ ಕಾಯಬ್ಯಾಡ್ರಿ. 108ಕ್ಕೆ ಫೋನ್ ಮಾಡ್ರಿ, ತಾಲೂಕು ಆಸ್ಪತ್ರಿಗೆ ಹೋಗ್ರಿ. ಅವರು ದಾವಣಗೆರೆ ಚಿಗಟೇರಿಗೋ ಶಿವಮೊಗ್ಗದ ಮೆಗ್ಗಾನ್‌ಗೋ ಬರೆದುಕೊಟ್ರ ತಕ್ಷಣ ಹೊಂಡ್ರಿ.

ಅಲ್ಲಿ ಹೋಗಿ "ಶುಗರ್ 400 ಐತಿ, ಬರೇ ಸಲೈನ್ ಯಾಕ ಹಾಕ್ತೀರಿ" ಅಂತ ಜಗಳ ತೆಗೀಬ್ಯಾಡ್ರಿ. ಮೈ ಒಣಗಿರ್ತೈತಿ, ಮೊದ್ಲು ನೀರು ತುಂಬಬೇಕು. ರಕ್ತದಾಗಿನ ಪೊಟ್ಯಾಸಿಯಂ ನೋಡ್ತಾರ, ಯಾಕಂದ್ರ ಇನ್ಸುಲಿನ್ ಅದನ್ನ ಇನ್ನೂ ಇಳಿಸ್ತೈತಿ. ತೀರಾ ಇಳಿದ್ರ ಎದಿ ಬಡಿತ ಹದ ತಪ್ತೈತಿ. ಆಮೇಲೆ ಇನ್ಸುಲಿನ್ ಡ್ರಿಪ್. ಮಕ್ಕಳಿಗೆ ಎಲ್ಲಾನೂ ನಿಧಾನ, ಮಿದುಳು ಬಾಯಬಾರದು ಅಂತ. ಶುಗರ್ ಇಳಿದ ಮೇಲೂ ಗ್ಲೂಕೋಸ್ ಜೊತಿ ಇನ್ಸುಲಿನ್ ನಡೀತಿರ್ತೈತಿ, ಆಮ್ಲ ಹೋಗೋ ತನಕ. "ಶುಗರ್ ಇಳೀತಲ್ಲ, ಮನಿಗೆ ಕಳಿಸ್ರಿ" ಅನ್ನಬ್ಯಾಡ್ರಿ.

ಇನ್ಸುಲಿನ್ ತಗೊಳ್ಳೋರು ಮನ್ಯಾಗಿದ್ರ, ಆರಾಮ ಇದ್ದಾಗಲೇ ಡಾಕ್ಟ್ರನ್ನ ಕೇಳಿಟ್ಕೊಳ್ರಿ: ಜ್ವರ ಬಂದ್ರ ಎಷ್ಟು ಹಾಕ್ಬೇಕು, ಎಷ್ಟೊತ್ತಿಗೊಮ್ಮೆ ಶುಗರ್ ನೋಡ್ಬೇಕು? ಹೆಚ್ಚು ಕಡಿಮಿ ಮಾಡೋದು ಅವರು ಹೇಳ್ಬೇಕು, ನಾವಾಗೇ ನಿಲ್ಲಿಸೋದಲ್ಲ. ಮೂತ್ರದಾಗ ಕೀಟೋನ್ ನೋಡೋ ಪಟ್ಟಿ ಮೆಡಿಕಲ್ ಶಾಪಿನ್ಯಾಗ ಸಿಗ್ತಾವ, ಒಂದು ಡಬ್ಬಿ ತಂದಿಡ್ರಿ.

ಆ ಹುಡುಗಿ ಉಳಕೊಂಡ್ಲು, ಈಗ ಶಾಲಿಗೆ ಹೊಂಟಾಳ. ಅವರವ್ವ ಅಡಗಿಮನಿ ಕ್ಯಾಲೆಂಡರಿನ ಮ್ಯಾಲೆ ದೊಡ್ಡಕ್ಷರದಾಗ ಬರ್ಕೊಂಡಾಳ: "ಉಣ್ಣದಿದ್ರೂ ಬಿಡಬಾರದು." ನೀವೂ ಬರ್ಕೊಳ್ರಿ.