ಕಾವಲುಗಾರನಿಗೆ ಸಂಬಳ ಕೊಡುವವರು ಯಾರು?

ನಮ್ಮ ಮನೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗೀಗ ಒಂದು ಹೊಸ ಮುದ್ರೆ ಓಡಾಡುತ್ತಿದೆ: 'ಫ್ಯಾಕ್ಟ್ ಚೆಕ್ ಆಗಿದೆ'. ದುಬೈಯಲ್ಲಿರುವ ಮಗ ಕಳಿಸುತ್ತಾನೆ, ಬಂಟ್ವಾಳದ ಭಾವ ಅದನ್ನು ದಾಟಿಸುತ್ತಾರೆ, ಇಲ್ಲಿ ಉದಯಗಿರಿಯಲ್ಲೋ ರಾಜೀವ್ ನಗರದಲ್ಲೋ ಕೂತ ಉಮ್ಮ ನೋಡಿ 'ಹಾಗಾದ್ರೆ ಇದು ಸತ್ಯವೇ' ಅಂತ ಪಕ್ಕದ ಮನೆಗೂ ಹೇಳಿ ಬರುತ್ತಾರೆ. ಆ ಮುದ್ರೆ ಒತ್ತಿದವರು ಯಾರು, ಅವರ ಕಚೇರಿಯ ಬಾಡಿಗೆ ಯಾರ ದುಡ್ಡಿನಲ್ಲಿ ಹೋಗುತ್ತದೆ ಅಂತ ಕೇಳುವವರಿಲ್ಲ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ನಾವು ಸುದ್ದಿಯ ವಿಷಯದಲ್ಲಿ ಮಾತ್ರ ಇಷ್ಟು ಉದಾರಿಗಳು ಏಕೋ!

ಮಾಧ್ಯಮದ ತಪ್ಪು ಹಿಡಿಯುವ ಸಂಸ್ಥೆಗಳು ಬೇಕೇ ಬೇಕು. ಅದು ನಮಗೆ ಚೆನ್ನಾಗಿ ಗೊತ್ತು. 2020ರ ಏಪ್ರಿಲ್ ಯಾರೂ ಮರೆತಿಲ್ಲ. ಆಗ ಮೈಸೂರು ಜಿಲ್ಲೆಯ ಕೊರೊನಾ ಪ್ರಕರಣಗಳಲ್ಲಿ ಬಹುಪಾಲು ಶುರುವಾಗಿದ್ದು ನಂಜನಗೂಡಿನ ಒಂದು ಔಷಧ ಕಾರ್ಖಾನೆಯಿಂದ. ಆದರೆ ಟಿ.ವಿ. ಹಾಕಿದರೆ ಕೇಳುತ್ತಿದ್ದದ್ದು ನಿಜಾಮುದ್ದೀನ್, ತಬ್ಲೀಗ್, ಅದೇ ಮಾತು. ಏಪ್ರಿಲ್ 6ರಂದು ನಮ್ಮದೇ ಊರಿನ ಇಂಗ್ಲಿಷ್ ಸಂಜೆ ದಿನಪತ್ರಿಕೆ 'ಸ್ಟಾರ್ ಆಫ್ ಮೈಸೂರ್' ಒಂದು ಸಂಪಾದಕೀಯ ಬರೆಯಿತು. ಸಮುದಾಯದ ಹೆಸರು ಹೇಳದೆ, ದೇಶದ ಜನಸಂಖ್ಯೆಯ ಶೇ 18ರಷ್ಟು ಮಂದಿಯನ್ನು ಬುಟ್ಟಿಯಲ್ಲಿನ ಕೊಳೆತ ಸೇಬುಗಳಿಗೆ ಹೋಲಿಸಿ, ಅವನ್ನು ತೊಲಗಿಸುವುದೇ ಪರಿಹಾರ ಎಂಬ ಅರ್ಥದ ಮಾತು ಅದರಲ್ಲಿತ್ತು. ಎಲ್ಲ ಕಡೆಯಿಂದ ಆಕ್ಷೇಪ ಬಂದ ಮೇಲೆ ಪತ್ರಿಕೆ ವಿಷಾದ ವ್ಯಕ್ತಪಡಿಸಿತು. ತಬ್ಲೀಗ್‌ನವರಿಗೆ ಆಶ್ರಯ ಕೊಟ್ಟರೆಂದು 70 ಮಂದಿ ಭಾರತೀಯರ ಮೇಲೆ ಹಾಕಿದ್ದ ಪ್ರಕರಣಗಳನ್ನು ದೆಹಲಿ ಹೈಕೋರ್ಟ್ ರದ್ದು ಮಾಡಿದ್ದು 2025ರ ಜುಲೈಯಲ್ಲಿ. ಐದು ವರ್ಷ ಆಗಿತ್ತು. ಆ ಸುದ್ದಿ ಎಷ್ಟು ಚಾನೆಲ್‌ಗಳಲ್ಲಿ ಎಷ್ಟು ನಿಮಿಷ ಬಂತು ಎಂದು ನೀವೇ ನೆನಪಿಸಿಕೊಳ್ಳಿ.

ಇಂಥ ಅನುಭವ ಇರುವವರಿಗೆ 'ಮಾಧ್ಯಮವನ್ನು ನಾವು ಕಾಯುತ್ತೇವೆ' ಎಂದು ಯಾರಾದರೂ ಮುಂದೆ ಬಂದರೆ ನೆಮ್ಮದಿ ಆಗುವುದು ಸಹಜ. ಆದರೆ ಇದೇ ಮಾತು ಹೇಳಿಕೊಂಡು ಹುಟ್ಟಿದ ಒಂದು ಸಂಸ್ಥೆಯ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು.

'ಆಪ್‌ಇಂಡಿಯಾ' ಶುರುವಾದದ್ದು 2014ರ ಡಿಸೆಂಬರ್‌ನಲ್ಲಿ. ಶುರು ಮಾಡಿದವರು ರಾಹುಲ್ ರಾಜ್ ಮತ್ತು ಕುಮಾರ್ ಕಮಲ್. ದೊಡ್ಡ ದೊಡ್ಡ ಪತ್ರಿಕೆ, ಚಾನೆಲ್‌ಗಳು ಏಕಪಕ್ಷೀಯವಾಗಿವೆ, ಅವುಗಳ ಸುಳ್ಳನ್ನು ನಾವು ಬಯಲು ಮಾಡುತ್ತೇವೆ ಎಂಬುದು ಅದು ಹೇಳಿಕೊಂಡ ಉದ್ದೇಶ. ಉದ್ದೇಶದಲ್ಲಿ ತಪ್ಪೇನಿಲ್ಲ ನೋಡಿ, ಪತ್ರಿಕೆಗಳ ಮೇಲೆ ನಮ್ಮ ದೂರೂ ಹೆಚ್ಚುಕಡಿಮೆ ಅದೇ. 2016ರಲ್ಲಿ ಅದನ್ನು ಕೊಯಮತ್ತೂರಿನ ಕೋವೈ ಮೀಡಿಯಾ ಕಂಪನಿ ಕೊಂಡುಕೊಂಡಿತು. ಬಲಪಂಥೀಯ ನಿಯತಕಾಲಿಕ 'ಸ್ವರಾಜ್ಯ' ಕೂಡ ಇದೇ ಕಂಪನಿಯದ್ದು. ಕೋವೈ ಮೀಡಿಯಾದಲ್ಲಿ ಬೆಂಗಳೂರಿನ ಟಿ.ವಿ. ಮೋಹನದಾಸ್ ಪೈ ಮತ್ತು ಇನ್ಫೋಸಿಸ್ ಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರ ಸಣ್ಣ ಪಾಲೂ ಇತ್ತು. ಸಣ್ಣ ಪಾಲು ಹೊಂದಿದವರು ಕೂತು ಸುದ್ದಿ ಬರೆಸುವುದಿಲ್ಲ, ಆದ್ದರಿಂದ ಹೆಸರು ಕಂಡ ಕೂಡಲೇ ಅವರ ಮೇಲೆ ಎಗರುವುದು ಬೇಡ. ಮೈಸೂರಿನ ಎನ್‌ಐಇ ಕಾಲೇಜಿನಲ್ಲಿ ಓದಿದ ಉದ್ಯಮಿಯ ಹಣ ಎಲ್ಲೆಲ್ಲಿ ಹರಿದು ಹೋಗುತ್ತದೆ ಎಂಬುದು ಮೈಸೂರಿನವರಿಗೆ ಗೊತ್ತಿರಬೇಕು ಅಷ್ಟೇ.

2018ರಲ್ಲಿ ಆಪ್‌ಇಂಡಿಯಾ ಕೋವೈ ಮೀಡಿಯಾದಿಂದ ಬೇರೆಯಾಗಿ ಆಧ್ಯಾಸಿ ಮೀಡಿಯಾ ಎಂಬ ಪ್ರತ್ಯೇಕ ಕಂಪನಿಯ ಕೈಗೆ ಬಂತು. ಅಷ್ಟರಲ್ಲಿ ಸ್ಥಾಪಕರಲ್ಲಿ ಒಬ್ಬರಾದ ರಾಹುಲ್ ರಾಜ್ ಹೊರಗೆ ಹೋಗಿಯಾಗಿತ್ತು. ತಾವು ಕಟ್ಟಿದ ಸಂಸ್ಥೆ ಬಿಜೆಪಿಯ ಕುರುಡು ಮುಖವಾಣಿ ಆಗಿಬಿಟ್ಟಿದೆ ಎಂದು ಅವರೇ ಬಹಿರಂಗವಾಗಿ ಹೇಳಿದರು. ಇದನ್ನು ಹೇಳಿದ್ದು ವಿರೋಧಿಗಳಲ್ಲ, ಹೆತ್ತವರು. 2019ರಲ್ಲಿ ಸಂಸ್ಥೆ ಅಂತರರಾಷ್ಟ್ರೀಯ ಫ್ಯಾಕ್ಟ್ ಚೆಕಿಂಗ್ ಜಾಲದ ಮಾನ್ಯತೆಗೆ ಅರ್ಜಿ ಹಾಕಿತು, ಅರ್ಜಿ ತಿರಸ್ಕೃತವಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಆಪ್‌ಇಂಡಿಯಾಗೆ ಜಾಹೀರಾತಿನಿಂದ ಹಣ ಗಳಿಸಲು ಅವಕಾಶ ಕೊಡಿ ಎಂದು ಬಿಜೆಪಿ ಫೇಸ್‌ಬುಕ್‌ಗೆ ಕೇಳಿಕೊಂಡಿತ್ತು ಎಂದು 'ಇಂಡಿಯನ್ ಎಕ್ಸ್‌ಪ್ರೆಸ್' 2020ರಲ್ಲಿ ವರದಿ ಮಾಡಿತು. ಸುದ್ದಿ ಸಂಸ್ಥೆಯೊಂದರ ಗಳಿಕೆಗೆ ಒಂದು ರಾಜಕೀಯ ಪಕ್ಷ ಶಿಫಾರಸು ಮಾಡುತ್ತದೆ ಎಂದರೆ, ನಂಟು ಎಂಥದ್ದು ಎಂದು ಕೇಳಲು ಬೇರೆ ದಾಖಲೆ ಯಾಕೆ ಬೇಕು?

ಇದರ ಪರಿಣಾಮ ನೆಲದ ಮೇಲೆ ಹೇಗಿರುತ್ತದೆ? 2020ರ ಮೇ ತಿಂಗಳಲ್ಲಿ ಬಿಹಾರದ ಗೋಪಾಲಗಂಜ್‌ನಲ್ಲಿ ಸತ್ತ ಒಬ್ಬ ಹಿಂದೂ ಬಾಲಕನನ್ನು ಮಸೀದಿಯಲ್ಲಿ ಬಲಿ ಕೊಡಲಾಯಿತು ಎಂಬಂತೆ ಅದು ಸರಣಿ ವರದಿ ಹಾಕಿತು. ಬಿಹಾರ ಪೊಲೀಸರು ಅದನ್ನು ನಿರಾಕರಿಸಿ ಪ್ರಕರಣ ದಾಖಲಿಸಿದರು. ಒಂದು ಮಗುವಿನ ಸಾವು, ಒಂದು ಹಳ್ಳಿಯ ಮಸೀದಿ, ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತ ಎರಡು ಸಮುದಾಯದ ಜನ. ನಡುವೆ 'ಮಾಧ್ಯಮ ಮುಚ್ಚಿಟ್ಟ ಸತ್ಯ' ಎಂಬ ಹಣೆಪಟ್ಟಿ. ಸಾಮಾನ್ಯ ಸುಳ್ಳಿಗಿಂತ 'ಸುಳ್ಳು ಹಿಡಿಯುವವರು' ಹೇಳಿದ ಸುಳ್ಳು ಹೆಚ್ಚು ದೂರ ಹೋಗುತ್ತದೆ.

ನಮ್ಮ ರಾಜ್ಯದಲ್ಲೂ ಇದರ ತಮ್ಮನೊಬ್ಬ ಇದ್ದ. 2018ರ ಮಾರ್ಚ್‌ನಲ್ಲಿ ವಿಧಾನಸಭಾ ಚುನಾವಣೆ ಹತ್ತಿರ ಬಂದಾಗ, ಜೈನ ಮುನಿಯೊಬ್ಬರ ಮೇಲೆ ಮುಸ್ಲಿಂ ಯುವಕ ಹಲ್ಲೆ ಮಾಡಿದ ಎಂದು 'ಪೋಸ್ಟ್‌ಕಾರ್ಡ್ ನ್ಯೂಸ್' ಹಬ್ಬಿಸಿತು. ಮುನಿಗಳಿಗೆ ಆಗಿದ್ದು ರಸ್ತೆಯಲ್ಲಿ ಸಣ್ಣ ಅಪಘಾತ. ಅದರ ಸ್ಥಾಪಕ ಮಹೇಶ್ ವಿಕ್ರಂ ಹೆಗ್ಡೆ ಅವರನ್ನು ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದರು. ಬಿಡುಗಡೆ ಮಾಡಿ ಎಂದು ಟ್ವೀಟ್ ಮಾಡಿದವರಲ್ಲಿ ಆಗಿನ ಕೇಂದ್ರ ಸಚಿವ ಅನಂತಕುಮಾರ್ ಹೆಗಡೆ ಅವರೂ ಇದ್ದರು.

ಇದು ನಮ್ಮ ದೇಶದ ಕಾಯಿಲೆ ಮಾತ್ರ ಅಲ್ಲ. ಅಮೆರಿಕದಲ್ಲಿ ಬ್ರೆಂಟ್ ಬೋಝೆಲ್ 1987ರಲ್ಲಿ 'ಮೀಡಿಯಾ ರಿಸರ್ಚ್ ಸೆಂಟರ್' ಕಟ್ಟಿದರು. ಪತ್ರಿಕೆಗಳು ಎಡಕ್ಕೆ ವಾಲಿವೆ ಎಂದು ತೋರಿಸುವುದೇ ಅದರ ಕಸುಬು, ಅದಕ್ಕೆ ಟ್ರಂಪ್ ಬೆಂಬಲಿಗರಾದ ಮರ್ಸರ್ ಕುಟುಂಬದ ಹಣ ಹೇರಳವಾಗಿ ಬಂತು. 2025ರಲ್ಲಿ ಟ್ರಂಪ್ ಅದೇ ಬೋಝೆಲ್‌ರನ್ನು ದಕ್ಷಿಣ ಆಫ್ರಿಕಾಕ್ಕೆ ರಾಯಭಾರಿಯನ್ನಾಗಿ ಹೆಸರಿಸಿದರು. ಎದುರು ಪಾಳೆಯದಲ್ಲಿ 2004ರಿಂದ 'ಮೀಡಿಯಾ ಮ್ಯಾಟರ್ಸ್' ಇದೆ. ಅದಕ್ಕೆ 2010ರಲ್ಲಿ ಜಾರ್ಜ್ ಸೊರೊಸ್ 10 ಲಕ್ಷ ಡಾಲರ್ ಕೊಟ್ಟರು. ಇಬ್ಬರೂ ಹೇಳುವುದು ಒಂದೇ, ನಾವು ಮಾಧ್ಯಮದ ಕಾವಲುಗಾರರು!

ಇಲ್ಲಿಯವರೆಗೆ ಓದಿದವರು ತಲೆ ಆಡಿಸಿರಬಹುದು. ಈಗ ಕಷ್ಟದ ಭಾಗ. ನಮ್ಮವರು ಕಣ್ಣು ಮುಚ್ಚಿ ನಂಬುವ 'ಆಲ್ಟ್ ನ್ಯೂಸ್' ಬಗ್ಗೆಯೂ ಇದೇ ಪ್ರಶ್ನೆಗಳನ್ನು ಕೇಳುತ್ತೇವೆಯೇ? ಕೇಳಬೇಕು. 2017ರ ಫೆಬ್ರವರಿಯಲ್ಲಿ ಅದನ್ನು ಶುರು ಮಾಡಿದವರು ಪ್ರತೀಕ್ ಸಿನ್ಹಾ ಮತ್ತು ಮೊಹಮ್ಮದ್ ಜುಬೇರ್. ಪ್ರತೀಕ್ ತಂದೆ ಮುಕುಲ್ ಸಿನ್ಹಾ 2002ರ ಗುಜರಾತ್ ಗಲಭೆಯ ಸಂತ್ರಸ್ತರ ಪರ ವಾದಿಸಿದ ವಕೀಲರು, ಸಣ್ಣ ಪಕ್ಷ ಕಟ್ಟಿ ಚುನಾವಣೆಗೂ ನಿಂತವರು. ಜುಬೇರ್ ಬೆಂಗಳೂರಿನಲ್ಲಿ ನೆಲೆಸಿದವರು. ಆಲ್ಟ್ ನ್ಯೂಸ್ ಆಡಿಸುವ ಪ್ರಾವ್ದಾ ಮೀಡಿಯಾ ಫೌಂಡೇಶನ್ ಲಾಭ ಹಂಚಿಕೊಳ್ಳದ ಸಂಸ್ಥೆ, ಓದುಗರ ದೇಣಿಗೆಯಿಂದ ನಡೆಯುತ್ತದೆ. 2022ರ ಜೂನ್ 27ರಂದು ದೆಹಲಿ ಪೊಲೀಸರು ಜುಬೇರ್‌ರನ್ನು 2018ರ ಒಂದು ಟ್ವೀಟಿಗಾಗಿ ಬಂಧಿಸಿದರು. ಆಮೇಲೆ ವಿದೇಶಿ ದುಡ್ಡು ಬಂದಿದೆ ಎಂಬ ಆರೋಪವನ್ನೂ ಹೊರಿಸಿದರು. ಹಣ ಪಾವತಿ ನಿರ್ವಹಿಸುತ್ತಿದ್ದ ರೇಜರ್‌ಪೇ, ಆ ಖಾತೆಗೆ ದೇಶದೊಳಗಿನ ಪಾವತಿಗೆ ಮಾತ್ರ ಅವಕಾಶ ಇತ್ತು ಎಂದು ಹೇಳಿತು. ಜುಲೈ 20ರಂದು ಸುಪ್ರೀಂ ಕೋರ್ಟ್ ಜಾಮೀನು ಕೊಟ್ಟಿತು. 2024ರ ಗಣರಾಜ್ಯೋತ್ಸವದಂದು ತಮಿಳುನಾಡಿನ ಡಿಎಂಕೆ ಸರ್ಕಾರ ಅವರಿಗೆ ಕೋಮು ಸೌಹಾರ್ದ ಪ್ರಶಸ್ತಿ ನೀಡಿತು. ಆ ಪ್ರಶಸ್ತಿ ಸಿಕ್ಕಾಗ ನಮ್ಮಲ್ಲಿ ಖುಷಿಪಟ್ಟವರೇ ಎಲ್ಲರೂ. ಆದರೆ ಅಧಿಕಾರದಲ್ಲಿರುವವರ ಕೈಯಿಂದ ಶಾಲು ಹೊದೆಸಿಕೊಳ್ಳುವುದು ಕಾವಲುಗಾರನಿಗೆ ಒಳ್ಳೆಯದೇ ಎಂದು ಕೇಳುವುದು ದ್ರೋಹವೇನಲ್ಲ.

ಹಾಗಂತ ಎರಡೂ ಒಂದೇ ಎಂದು ತಕ್ಕಡಿ ಸಮ ಮಾಡುವ ಉದ್ದೇಶ ನಮಗಿಲ್ಲ. ಆಲ್ಟ್ ನ್ಯೂಸ್ ಕಾಂಗ್ರೆಸ್ ನಾಯಕರು ಹಂಚಿದ ಸುಳ್ಳುಗಳನ್ನೂ ಎತ್ತಿ ತೋರಿಸಿದೆ, ಫೋಟೊ ಎಲ್ಲಿಂದ ಬಂತು ಎಂಬುದನ್ನು ಓದುಗ ತಾನೇ ಪರೀಕ್ಷಿಸುವಂತೆ ಬಿಡಿಸಿ ಇಡುತ್ತದೆ. ಸ್ವಂತ ಕಡೆಯವರ ತಪ್ಪನ್ನು ಎಷ್ಟು ಸಲ ಹಿಡಿದಿದ್ದಾರೆ ಎಂಬ ಲೆಕ್ಕ, ಯಾರ ದುಡ್ಡು ಎಂಬ ಲೆಕ್ಕದಷ್ಟೇ ಮುಖ್ಯ. ಜುಮಾ ಮುಗಿಸಿ ಮಸೀದಿ ಅಂಗಳದಲ್ಲಿ ಫೋನ್ ತೆಗೆಯುವ ನಮ್ಮ ಹುಡುಗರಿಗೂ, ನಮ್ಮವರೇ ನಡೆಸುವ ಯೂಟ್ಯೂಬ್ ಚಾನೆಲ್‌ಗಳಿಗೂ ಈ ಮಾತು ಅನ್ವಯ. ಅಲ್ಲಿ ನಮ್ಮ ಪರವಾದ ಸುಳ್ಳು ಬಂದಾಗ ಸರಿಪಡಿಸಿದ್ದನ್ನು ಕಂಡದ್ದು ಕಡಿಮೆ, ಮಾರಾಯ್ರೇ.

ಹಾಗಾದರೆ ಸರ್ಕಾರವೇ ಕಾಯಲಿ ಎನ್ನುವವರೂ ಇದ್ದಾರೆ. ಕೇಂದ್ರದ ಫ್ಯಾಕ್ಟ್ ಚೆಕ್ ಘಟಕದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಅಸಿಂಧುಗೊಳಿಸಿತು. ಆಗ ನಾವು ಸಂತೋಷಪಟ್ಟೆವು. 2025ರ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಿತ್ತು. 7 ವರ್ಷದವರೆಗೆ ಜೈಲು, ಮೇಲುಸ್ತುವಾರಿಗೆ ಸಚಿವರ ನೇತೃತ್ವದ ಪ್ರಾಧಿಕಾರ. ಇಂದು ಆ ಕುರ್ಚಿಯಲ್ಲಿ ಕೂರುವವರು ನಮಗೆ ಬೇಕಾದವರು ಎಂದು ಸುಮ್ಮನಿದ್ದರೆ, ನಾಳೆ ಅದೇ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂದು ಯೋಚಿಸಬೇಡವೇ?

ಉಳಿದಿರುವುದು ತುಸು ನಿಧಾನದ ದಾರಿ. 2020ರಲ್ಲಿ 'ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್' ಎಂಬ ಬೆಂಗಳೂರಿನ ಗುಂಪು ತಬ್ಲೀಗ್ ಬಗ್ಗೆ ಕನ್ನಡ ಚಾನೆಲ್‌ಗಳಲ್ಲಿ ಬಂದ ಕಾರ್ಯಕ್ರಮಗಳ ಮೇಲೆ ಸುದ್ದಿ ಪ್ರಸಾರಕರ ಮಾನದಂಡ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟಿತು. 2021ರ ಜೂನ್ 16ರಂದು ಆದೇಶ ಬಂತು. ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ ದಂಡ, ಜೊತೆಗೆ ಚಾನೆಲ್‌ನಲ್ಲೇ ಕ್ಷಮೆ ಕೇಳಬೇಕು. ಸುವರ್ಣ ನ್ಯೂಸ್‌ಗೆ 50 ಸಾವಿರ ದಂಡ. ಚಾನೆಲ್‌ಗಳಿಗೆ ಇದು ಚಿಲ್ಲರೆ ದುಡ್ಡು, ನಿಜ. ಆ ಪ್ರಾಧಿಕಾರವೂ ಚಾನೆಲ್‌ಗಳೇ ಸೇರಿ ಕಟ್ಟಿಕೊಂಡದ್ದು, ಸದಸ್ಯರಲ್ಲದ ಚಾನೆಲ್‌ಗಳ ಮೇಲೆ ಅದರ ಕೈ ಓಡುವುದಿಲ್ಲ. ಆದರೂ ತಪ್ಪು ತಪ್ಪೇ ಎಂದು ಕಾಗದದ ಮೇಲೆ ಬಂತು. ಸಾವಿರ ಫಾರ್ವರ್ಡ್‌ಗಳಿಂದ ಆಗದ ಕೆಲಸ ಅದು.

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಟಿ.ವಿ. ಕಾರ್ಯಕ್ರಮವಾದರೆ ಪ್ರಸಾರವಾದ 7 ದಿನದೊಳಗೆ ಮೊದಲು ಚಾನೆಲ್‌ಗೇ ಬರೆಯಬೇಕು, ಉತ್ತರ ಸರಿಹೋಗದಿದ್ದರೆ ಆಮೇಲೆ ಪ್ರಾಧಿಕಾರಕ್ಕೆ. ದಿನಾಂಕ, ಸಮಯ, ಆಡಿದ ಮಾತು ಬರೆದಿಟ್ಟುಕೊಳ್ಳಿ, ಕೋಪವನ್ನು ಪತ್ರದಿಂದ ಹೊರಗಿಡಿ. ದಿನಪತ್ರಿಕೆಯಾದರೆ ಮೊದಲು ಸಂಪಾದಕರಿಗೆ ಬರೆದು, ಪ್ರಕಟವಾದ 2 ತಿಂಗಳೊಳಗೆ ಪ್ರೆಸ್ ಕೌನ್ಸಿಲ್‌ಗೆ ದೂರಬಹುದು. ಕಾನೂನು ಓದುತ್ತಿರುವ ನಮ್ಮ ಮಕ್ಕಳು ಮೈಸೂರಿನ ಹಾಸ್ಟೆಲ್‌ಗಳಲ್ಲಿ ಬೇಕಾದಷ್ಟಿದ್ದಾರೆ, ಜಮಾಅತ್‌ನವರು ಅವರಲ್ಲಿ ನಾಲ್ಕು ಜನರನ್ನು ಕೂರಿಸಿ ಈ ಕೆಲಸ ಒಪ್ಪಿಸಬಹುದು. ಅವರ ಖರ್ಚು ಯಾರು ಕೊಟ್ಟರು ಎಂಬುದನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಿಬಿಡಿ. ಈ ಪುಟದಲ್ಲಿ ತಪ್ಪು ಕಂಡರೂ ಬರೆಯಿರಿ. ಆ 2 ತಿಂಗಳ ಗಡುವು ನಮಗೂ ಇದೆ.